ಕೊಂಬಿನ ಬುಡ ಎಲ್ಲಿದೆ? ಟ್ರೀಹಾಪರ್ ಗುರುತಿಸುವ ಬಗೆ

ಬದಿಯಡ್ಕದ ಕಡೆಯ ಒಂದು ಹಿತ್ತಿಲು ಇದು. ಬೇಲಿ ಬದಿಯಲ್ಲಿ ನಾಲ್ಕು ತೊಗರಿ ಗಿಡ. ಈ ಎಳೆ ಕಾಂಡದ ಮೇಲೆ ಮುಳ್ಳಿನ ಹಾಗೆ ಕಾಣುತ್ತಿದೆ ಅಲ್ವಾ? ತೊಗರಿಗೆ ಮುಳ್ಳಿಲ್ಲ. ಬೆರಳು ಹತ್ತಿರ ತಂದರೆ ಆ ಮುಳ್ಳು ಮೆಲ್ಲಗೆ ಕಾಂಡದ ಆಚೆ ಬದಿಗೆ ಸರಿಯುತ್ತದೆ. ಇನ್ನೂ ಹತ್ತಿರ ಹೋದರೆ, ಟಪ್, ಹಾರಿಯೇ ಹೋಯಿತು.

ಇದು ಟ್ರೀಹಾಪರ್. ಕೃಷಿಯವರು ಕೌ ಬಗ್ ಅನ್ನುತ್ತಾರೆ, ಎರಡು ಕೊಂಬು ಉಂಟಲ್ಲ, ಅದಕ್ಕೆ. ಕುಟುಂಬದ ಹೆಸರು ಮೆಂಬ್ರಾಸಿಡೇ. ಪ್ರಪಂಚದಲ್ಲಿ 3,000ಕ್ಕೂ ಹೆಚ್ಚು ಜಾತಿಗಳು. ನಮ್ಮ ಕಡೆ ಸಿಗುವವು ಹೆಚ್ಚಿನವು 4ರಿಂದ 10 ಮಿಲಿಮೀಟರ್ ಉದ್ದ, ಅಕ್ಕಿಕಾಳಿನಷ್ಟು ಅಥವಾ ಅದಕ್ಕಿಂತ ಸ್ವಲ್ಪ ಜಾಸ್ತಿ.

ಕೊಂಬು ಕಂಡ ಕೂಡಲೇ ಟ್ರೀಹಾಪರ್ ಎಂದು ಹೆಸರಿಟ್ಟು ಫೋಟೋ ಹಾಕುವವರು ತುಂಬ. ತಪ್ಪಾಗುವುದು ಅಲ್ಲಿಯೇ. ಕೊಂಬಿಲ್ಲದ ಟ್ರೀಹಾಪರ್ ಉಂಟು, ಕೊಂಬಿರುವ ಬೇರೆ ಹುಳಗಳೂ ಉಂಟು. ಕೊಂಬು ಯಾವ ಭಾಗದಿಂದ ಎದ್ದಿದೆ, ಅದರ ಹಿಂದೆ ಏನಿದೆ ಎಂಬುದನ್ನು ನೋಡಬೇಕು.

ಬಲಬದಿಯ ಚಿತ್ರ ನೋಡಿ, ಬೇಕಾದರೆ ವಿಡಿಯೋ ನಿಲ್ಲಿಸಿ. ತಲೆಯ ಹಿಂದೆ ಇರುವ ದೊಡ್ಡ ಚಿಪ್ಪು ಪ್ರೋನೋಟಮ್, ಅಂದರೆ ಎದೆಯ ಮೊದಲ ಖಂಡದ ಮೇಲ್ಭಾಗ. ಅದರ ಹಿಂದೆ, ಎರಡು ರೆಕ್ಕೆಗಳ ಬುಡದ ನಡುವೆ ಇರುವ ತ್ರಿಕೋನ ಸ್ಕುಟೆಲ್ಲಮ್. ಮಾಮೂಲಿ ಜಿಗಿಹುಳುವಿನಲ್ಲಿ, ಅಂದರೆ ಲೀಫ್‌ಹಾಪರಿನಲ್ಲಿ, ಪ್ರೋನೋಟಮ್ ಸ್ಕುಟೆಲ್ಲಮಿನ ಮುಂದೆಯೇ ನಿಂತುಬಿಡುತ್ತದೆ. ತ್ರಿಕೋನ ಪೂರ್ತಿ ತೆರೆದಿರುತ್ತದೆ. ಟ್ರೀಹಾಪರಿನಲ್ಲಿ ಪ್ರೋನೋಟಮ್ ಹಿಂದಕ್ಕೆ ಬೆಳೆದು ಸ್ಕುಟೆಲ್ಲಮಿನ ಮೇಲೆ ಚಾಚುತ್ತದೆ, ಬಾಲದ ಹಾಗೆ. ಬದಿಯ ಕೊಂಬುಗಳೂ ಆ ಚಿಪ್ಪಿನದ್ದೇ.

ಈ ಚಿಪ್ಪಿನ ಬಗ್ಗೆ ಒಂದು ಜಗಳವೇ ನಡೆದಿತ್ತು. 2011ರಲ್ಲಿ ನೇಚರ್ ಪತ್ರಿಕೆಯಲ್ಲಿ, ಇದು ರೆಕ್ಕೆಯ ಇನ್ನೊಂದು ರೂಪ ಎಂಬ ವಾದ ಬಂತು. ಮುಂದಿನ ವರ್ಷವೇ ಅಂಗರಚನೆ ನೋಡುವವರು, ಇಲ್ಲ, ಇದು ಪ್ರೋನೋಟಮಿನದೇ ಬೆಳವಣಿಗೆ ಎಂದು ತೋರಿಸಿದರು. ಹುಳ ಗುರುತಿಸಲು ಕೂತವರಿಗೆ ಎರಡನೆಯ ಮಾತೇ ಕೆಲಸಕ್ಕೆ ಬರುವುದು.

ಈಗ ಮೋಸ ಮಾಡುವವರ ಸರದಿ. ಮೊದಲನೆಯವನು ಲೆಡ್ರಾ ಮತ್ತು ಅವನ ಬಳಗ. ಪ್ರೋನೋಟಮಿನ ಮೇಲೆ ಎರಡು ಕಿವಿಯ ಹಾಗೆ ಎದ್ದಿರುತ್ತವೆ, ನೋಡಿದರೆ ಕೊಂಬೇ. ಆದರೆ ಹಿಂದಿನ ಬಾಲ ಇಲ್ಲ, ಸ್ಕುಟೆಲ್ಲಮ್ ಬಯಲಾಗಿದೆ. ಅವನು ಲೀಫ್‌ಹಾಪರ್.

ಎರಡನೆಯವನು ಇನ್ನೂ ಚಾಲಾಕಿ: ಮಾಕೆರೋಟ. ಬೆನ್ನ ಮೇಲಿಂದ ಹಿಂದಕ್ಕೆ ಉದ್ದನೆಯ ಮುಳ್ಳು ಬಾಗಿರುತ್ತದೆ, ಥೇಟ್ ಟ್ರೀಹಾಪರಿನ ಬಾಲ. ಲೆನ್ಸ್ ಇಟ್ಟು ಮುಳ್ಳಿನ ಬುಡ ಹಿಡಿದು ಮುಂದಕ್ಕೆ ಬನ್ನಿ. ಪ್ರೋನೋಟಮ್ ಮುಗಿಯುವ ಅಡ್ಡಗೆರೆ ಮುಳ್ಳಿನ ಮುಂದೆಯೇ ಸಿಗುತ್ತದೆ. ಅಂದರೆ ಮುಳ್ಳು ಎದ್ದದ್ದು ಸ್ಕುಟೆಲ್ಲಮಿನಿಂದ. ಇವು ನೊರೆಹುಳುಗಳ, ಅಂದರೆ ಉಗುಳಿನಂಥ ನೊರೆಯೊಳಗೆ ಮರಿ ಅಡಗಿರುವ ಸ್ಪಿಟಲ್‌ಬಗ್‌ಗಳ, ನೆಂಟರು. ಮಾಕೆರೋಟದ ಮರಿಗಳು ರೆಂಬೆಯ ಮೇಲೆ ಸುಣ್ಣದಂಥ ಗಟ್ಟಿ ಕೊಳವೆ ಕಟ್ಟಿಕೊಂಡು ಒಳಗೆ ಇರುತ್ತವೆ. ಕೊಳವೆ ಕಂಡರೆ ಅರ್ಧ ಕೆಲಸ ಮುಗಿದ ಹಾಗೆ.

ಬೆನ್ನು ನೋಡಿ ಸಂಶಯ ಹೋಗದಿದ್ದರೆ ಹಿಂಗಾಲು ನೋಡಿ. ಟಿಬಿಯಾ ಅಂದರೆ ಮೊಣಕಾಲಿನ ಕೆಳಗಿನ ಉದ್ದ ಭಾಗ. ಲೀಫ್‌ಹಾಪರಿನದು ಬಾಚಣಿಗೆಯ ಹಾಗೆ, ಉದ್ದಕ್ಕೂ ಸಾಲು ಸಾಲು ಉದ್ದ ಮುಳ್ಳುಗಳು. ನೊರೆಹುಳುವಿನದು ದುಂಡಗಿನ ಕೋಲು: ಹೊರಬದಿಯಲ್ಲಿ ಒಂದೋ ಎರಡೋ ದಪ್ಪ ಮುಳ್ಳು, ತುದಿಯಲ್ಲಿ ಮುಳ್ಳಿನ ಬಳೆ. ಟ್ರೀಹಾಪರಿನ ಕಾಲಿನಲ್ಲೂ ಸಾಲುಗಳು ಇರುತ್ತವೆ, ಆದರೆ ಗಿಡ್ಡ, ಮೊಟಕು. ಹತ್ತು ಪಟ್ಟು ದೊಡ್ಡದು ಮಾಡುವ ಕೈ ಲೆನ್ಸಿನಲ್ಲಿ ಇದು ಕಾಣುತ್ತದೆ. ಫೋನಿನ ಕ್ಯಾಮೆರಾದಲ್ಲಿ ಮಾತ್ರ ಮಸುಕು. ಮುಳ್ಳೇ ಇಲ್ಲ ಎಂದು ತೀರ್ಮಾನಿಸಿ ತಪ್ಪುವುದು ಇಲ್ಲಿ.

ಜಿಗಿಯುವ ಹುಳಗಳಲ್ಲಿ ಪ್ಲಾಂಟ್‌ಹಾಪರ್ ಎಂಬ ಇನ್ನೊಂದು ಗುಂಪು ಉಂಟು, ಅದರ ವಿಷಯ ಅಡಿಕೆ ತೋಟ ಇರುವವರು ಕೇಳಲೇಬೇಕು. ಅಡಿಕೆಯ ಹಳದಿ ಎಲೆ ರೋಗ ಹರಡುವ ಪ್ರೌಟಿಸ್ಟ ಮೊಯೆಸ್ಟ ಈ ಗುಂಪಿನದು, ಟ್ರೀಹಾಪರ್ ಅಲ್ಲ. ಬೇಲಿಯಲ್ಲಿ ಕೊಂಬಿನ ಹುಳ ಕಂಡಿತೆಂದು ತೋಟಕ್ಕೆ ಮದ್ದು ಹೊಡೆಯಬೇಕಾಗಿಲ್ಲ. ವ್ಯತ್ಯಾಸ ಮುಖದಲ್ಲಿದೆ. ಟ್ರೀಹಾಪರಿನ ಮೀಸೆ ಸಣ್ಣ ಕೂದಲಿನ ಹಾಗೆ, ಎರಡು ಕಣ್ಣುಗಳ ನಡುವೆ. ಪ್ಲಾಂಟ್‌ಹಾಪರಿನದು ಕಣ್ಣಿನ ಕೆಳಗೆ, ಕೆನ್ನೆಯ ಬದಿಯಲ್ಲಿ, ಬುಡ ದಪ್ಪ. ಜೊತೆಗೆ ಮುಂದಿನ ರೆಕ್ಕೆಯ ಬುಡದಲ್ಲಿ ಟೆಗ್ಯುಲ ಎಂಬ ಸಣ್ಣ ಬಿಲ್ಲೆ ಇರುತ್ತದೆ.

ಕುಟುಂಬ ಗೊತ್ತಾಯಿತು. ಒಳಗೆ ಹೋಗೋಣ. ಭಾರತದ ಟ್ರೀಹಾಪರುಗಳು ಬಹುತೇಕ ಎಲ್ಲ ಸೆಂಟ್ರೋಟಿನೇ ಎಂಬ ಒಂದೇ ಉಪಕುಟುಂಬದವು. ಇವುಗಳಲ್ಲಿ ಬಾಲದ ಎರಡೂ ಬದಿಯಿಂದ ಸ್ಕುಟೆಲ್ಲಮ್ ಇಣುಕುತ್ತದೆ. ಅಮೆರಿಕದ ಅನೇಕ ಗುಂಪುಗಳಲ್ಲಿ ಅದು ಪೂರ್ತಿ ಮುಚ್ಚಿಹೋಗಿರುತ್ತದೆ. ನಮ್ಮಲ್ಲಿ ಆಕ್ಸಿರಾಕಿಸ್ ಎಂಬ ಕುಲ ಮಾತ್ರ ಹಾಗೆ ಮುಚ್ಚಿಕೊಂಡಿದೆ; ಅದಕ್ಕೇ ಹಳೆಯ ಪುಸ್ತಕಗಳಲ್ಲಿ ಅದಕ್ಕೆ ಬೇರೆ ಉಪಕುಟುಂಬ. ಈಗ ಅದೂ ಸೆಂಟ್ರೋಟಿನೇ ಒಳಗೆ. ಜಾಲಿ ಮರದಲ್ಲಿ ಹುಡುಕಬೇಕು, ಹಾಗಾಗಿ ಬಯಲುಸೀಮೆಯವರಿಗೆ ಸುಲಭ.

ಲೆಪ್ಟೋಸೆಂಟ್ರಸ್ ಮತ್ತು ಒಟಿನೋಟಸ್ ಕುಲಗಳು ತುಂಬ ಗೊಂದಲ ಮಾಡುವ ಜೋಡಿ. ಮೇಲಿನಿಂದ ತೆಗೆದ ಫೋಟೋ ಪ್ರಯೋಜನಕ್ಕಿಲ್ಲ, ಬದಿಯಿಂದ ತೆಗೆಯಿರಿ. ಲೆಪ್ಟೋಸೆಂಟ್ರಸಿನ ಬಾಲ ತೆಳ್ಳಗೆ, ಸ್ಕುಟೆಲ್ಲಮಿಗೆ ತಾಗದೆ ಮೇಲೆ ಎದ್ದು ಹೋಗುತ್ತದೆ. ನಡುವೆ ಬೆಳಕು ಕಾಣುತ್ತದೆ. ಕೊಂಬುಗಳು ಉದ್ದ, ಹೊರಕ್ಕೆ ಬಾಗಿದವು. ಒಟಿನೋಟಸಿನಲ್ಲಿ ಬಾಲ ಸ್ಕುಟೆಲ್ಲಮಿಗೆ ಹತ್ತಿರವೇ, ಕೊಂಬು ಮೋಟು. ತೊಗರಿಯಲ್ಲಿ ಸಿಗುವ ಕಂದು ಹುಳ ಹೆಚ್ಚಾಗಿ ಇದು. ಗಾರ್ಗರ ತೀರಾ ಸಣ್ಣದು, ಕೊಂಬೇ ಇಲ್ಲ, ಗುಬುಟು ಬೆನ್ನು. ಲೀಫ್‌ಹಾಪರ್ ಡಬ್ಬಿಗೆ ಸೇರಿಬಿಡುವುದು ಇದೇ. ಅದರ ಹತ್ತಿರದ ನೆಂಟ ಟ್ರೈಸೆಂಟ್ರಸಿಗೆ ಸಣ್ಣ ಕೊಂಬುಗಳಿವೆ.

ಒಂದು ಎಚ್ಚರ. ಕೊಂಬಿನ ಉದ್ದ ಅಳೆದು ಜಾತಿ ಹೇಳಬೇಡಿ. ಎಷ್ಟೋ ಜಾತಿಗಳಲ್ಲಿ ಗಂಡಿನ ಮೈ ಸಣ್ಣ, ಕೊಂಬೂ ಚಿಕ್ಕದು. ಹೊಟ್ಟೆಯಡಿ ತಿರುಗಿಸಿ ನೋಡಿ: ಮೊಟ್ಟೆ ಇಡುವ ಗರಗಸದಂಥ ಅಂಗ ಉದ್ದಕ್ಕೆ ಕಂಡರೆ ಹೆಣ್ಣು. ಪೊರೆ ಬಿಟ್ಟು ಆಗಷ್ಟೇ ಹೊರಬಂದ ಹುಳ ಬಿಳಚಿಕೊಂಡು ಮೆತ್ತಗಿರುತ್ತದೆ, ಆಗ ಹಿಡಿದರೆ ಕೊಂಬು ಸೊಟ್ಟಗಾಗಿ ಒಣಗುತ್ತದೆ. ಒಂದು ದಿನ ಬಿಟ್ಟು ಹಿಡಿಯಿರಿ. ಮರಿಗಳಿಗಂತೂ ಈ ಚಿಪ್ಪೇ ಬೆಳೆದಿರುವುದಿಲ್ಲ. ಹಿಂತುದಿಯಲ್ಲಿ ಕೊಳವೆ ಚಾಚಿ ಸಿಹಿ ರಸ ಬಿಡುತ್ತವೆ, ಇರುವೆಗಳು ಕಾಯುತ್ತವೆ. ಮರಿಗೆ ಹೆಸರಿಡಬೇಕೆಂದಿದ್ದರೆ ರೆಂಬೆಗೆ ಬಲೆಬಟ್ಟೆಯ ಚೀಲ ಕಟ್ಟಿ ದೊಡ್ಡದಾಗುವವರೆಗೆ ಕಾಯಬೇಕು.

ಜಾತಿ ಖಚಿತವಾಗಬೇಕಾದರೆ ಗಂಡಿನ ಜನನಾಂಗ ನೋಡಲೇಬೇಕು. ಹೊಟ್ಟೆಯ ತುದಿ ಬಿಡಿಸಿ, ಶೇಕಡಾ 10ರ ಪೊಟ್ಯಾಸಿಯಂ ಹೈಡ್ರಾಕ್ಸೈಡ್ ದ್ರಾವಣದಲ್ಲಿ ರಾತ್ರಿಯಿಡೀ ಇಡಿ. ಕೈಗವಸು ಬೇಕು, ಅದು ಚರ್ಮ ಸುಡುತ್ತದೆ. ಬೆಳಿಗ್ಗೆ ನೀರಿನಲ್ಲಿ ಚೆನ್ನಾಗಿ ತೊಳೆದು ಗ್ಲಿಸರಿನಿಗೆ ಹಾಕಿ. ಬೇಗ ಆಗಲಿ ಎಂದು ಕುದಿಸಿದರೆ ಎಲ್ಲ ಬಿಳಿಚಿ, ಗೆರೆಗಳು ಅಳಿಸಿಹೋಗುತ್ತವೆ.

ಇಡೀ ಹುಳವನ್ನು ಸೂಜಿಯಿಂದ ಚುಚ್ಚಬೇಡಿ. ನೋಡಬೇಕಾದ ಚಿಪ್ಪೇ ಒಡೆಯುತ್ತದೆ. ಸಣ್ಣ ತ್ರಿಕೋನ ಕಾರ್ಡಿನ ತುದಿ ಬಗ್ಗಿಸಿ, ಎದೆಯ ಬಲಬದಿಗೆ ಒಂದು ಚುಕ್ಕೆ ಅಂಟು ಹಾಕಿ ಕೂರಿಸಿ, ಎಡಬದಿ ಮತ್ತು ಹಿಂಗಾಲು ಬಿಡುವಾಗಿರಲಿ. ನಮ್ಮ ಮಳೆಗಾಲದಲ್ಲಿ ವಾರದೊಳಗೆ ಬೂಸ್ಟು ಹಿಡಿಯುತ್ತದೆ, ಹಾಗಾಗಿ ಡಬ್ಬಿಯಲ್ಲಿ ಸಿಲಿಕಾ ಜೆಲ್ ಇರಲಿ, ನೀಲಿ ಹರಳು ಗುಲಾಬಿಯಾದರೆ ಬಿಸಿ ಮಾಡಿ ಒಣಗಿಸಿ ಮತ್ತೆ ಹಾಕಿ. ಚೀಟಿಯಲ್ಲಿ ಊರು, ತಾರೀಕು, ಗಿಡ ಮೂರೂ ಬರೆಯಿರಿ. ಗಿಡದ ಹೆಸರು ಗೊತ್ತಿಲ್ಲದಿದ್ದರೆ ಹೂವಿರುವ ಒಂದು ರೆಂಬೆಯನ್ನು ಪೇಪರಿನ ನಡುವೆ ಒತ್ತಿಟ್ಟು, ಹುಳದ ನಂಬರನ್ನೇ ಅದಕ್ಕೂ ಹಾಕಿಡಿ.