ಕಲ್ಲಾದ ಮಣ್ಣಲ್ಲಿ ನೀರು ಹುಡುಕುವುದು ಹೇಗೆ?

(ಅಡುಗೆಮನೆ. ಫ್ರೀಜರ್ ಬಾಗಿಲು ತೆಗೆಯುತ್ತಾ)

ನಮಸ್ಕಾರ ಮಾರಾಯ್ರೆ. ಇವತ್ತು ಫ್ರೀಜರ್‌ನಲ್ಲಿ ಬಂಗುಡೆ ಇಲ್ಲ, ಎರಡು ಸ್ಟೀಲ್ ಲೋಟ ಇವೆ. ಒಂದರಲ್ಲಿ ಮಲ್ಪೆ ಕಡಲತೀರದ ಹೊಯ್ಗೆ, ಅಂದರೆ ಮರಳು. ಉಪ್ಪಿದ್ದರೆ ನೀರು ಬೇಗ ಗಡ್ಡೆಯಾಗುವುದಿಲ್ಲ, ಹಾಗಾಗಿ ನಾಲ್ಕು ಸಲ ತೊಳೆದಿದ್ದೇನೆ. ಇನ್ನೊಂದರಲ್ಲಿ ಹೆಂಚಿನ ಆವೆಮಣ್ಣು. ಎರಡಕ್ಕೂ ನೀರು ಕಲಸಿ ರಾತ್ರಿಯಿಡೀ ಇಟ್ಟದ್ದು.

(ಸೌಟಿನಿಂದ ಬಡಿಯುತ್ತಾ) ಟಣ್. ಟಣ್. ಎರಡೂ ಕಲ್ಲೇ, ಅಲ್ವಾ? ಆದರೆ ಆವೆಮಣ್ಣಿನೊಳಗೆ ಈಗಲೂ ಸ್ವಲ್ಪ ನೀರು ನೀರಾಗಿಯೇ ಇದೆ. ಲೇಹ್‌ನಲ್ಲಿರುವ ಭಾವ ಇದನ್ನು ಹೇಳಿದಾಗ ಸುಮ್ನೆ ಬಿಡುತ್ತಿದ್ದಾರೆ ಅಂದುಕೊಂಡಿದ್ದೆ.

ಕಾರಣ ಚುಟುಕಾಗಿ: ಮಣ್ಣಿನ ಕಣ ತನ್ನ ಮೈಗೆ ಅಂಟಿದ ತೆಳು ನೀರನ್ನು ಬಿಗಿಯಾಗಿ ಹಿಡಿದಿರುತ್ತದೆ, ಮಂಜುಗಡ್ಡೆಯಾಗಲು ಬಿಡುವುದಿಲ್ಲ. ಕಣ ಸಣ್ಣದಾದಷ್ಟೂ ಅಂಥ ನೀರು ಜಾಸ್ತಿ. ಹೊಯ್ಗೆಯಲ್ಲಿ ತೀರಾ ಕಮ್ಮಿ.

ಅಳೆಯುವುದು ಹೇಗೆ? ಒಣಗಿಸಿ ತೂಗಿದರೆ ಮಂಜುಗಡ್ಡೆಯೂ ಆವಿಯಾಗಿ ಹೋಗುತ್ತದೆ, ಲೆಕ್ಕ ಕಲಸುಮೇಲೋಗರ. ಅದಕ್ಕೆ ಟಿಡಿಆರ್, ಅಂದರೆ ಟೈಮ್ ಡೊಮೇನ್ ರಿಫ್ಲೆಕ್ಟೊಮೆಟ್ರಿ. ಮಣ್ಣಿಗೆ ಚುಚ್ಚಿದ ಲೋಹದ ಸರಳುಗಳ ಮೇಲೆ ವಿದ್ಯುತ್ ಅಲೆ ಓಡಿಸಿ, ತುದಿ ಮುಟ್ಟಿ ವಾಪಸ್ ಬರಲು ಎಷ್ಟು ಹೊತ್ತಾಯಿತು ಅಂತ ನೋಡುತ್ತಾರೆ. ಈ ಅಲೆಗೆ ಅಡ್ಡಗಾಲು ಹಾಕುವ ಶಕ್ತಿಗೊಂದು ಸಂಖ್ಯೆಯಿದೆ. ನೀರಿಗೆ 80ರ ಮೇಲೆ, ಮಂಜುಗಡ್ಡೆಗೆ ಬರೀ 3. ಒಂದೇ ವಸ್ತು, ಇಷ್ಟು ವ್ಯತ್ಯಾಸ ಎಂತಕ್ಕೆ?

ಯಕ್ಷಗಾನಕ್ಕೆ ಬನ್ನಿ. ನೀರಿನ ಅಣು ಪುಂಡುವೇಷ. ಚೆಂಡೆಗೆ ಪೆಟ್ಟು ಬಿದ್ದ ಕೂಡಲೇ ಧಿಗಿಣ. ಅಲೆ ಸೆಕೆಂಡಿಗೆ ಹತ್ತಾರು ಕೋಟಿ ಸಲ ದಿಕ್ಕು ಬದಲಿಸಿದರೂ ಅದು ಜೊತೆಗೇ ತಿರುಗುತ್ತದೆ, ಅಲೆ ನಿಧಾನವಾಗುತ್ತದೆ. ಅಲೆ ತಡವಾದಷ್ಟೂ ನೀರು ಜಾಸ್ತಿ ಅಂತ ಲೆಕ್ಕ. ಮಂಜುಗಡ್ಡೆಯ ಅಣು ಬಣ್ಣದ ವೇಷ. ಆ ಕಿರೀಟ, ಆ ಭಾರ ಹೊತ್ತು ಒಂದು ಸುತ್ತು ಮುಗಿಸುವಷ್ಟರಲ್ಲಿ ಪದವೇ ಮುಗಿದಿರುತ್ತದೆ. ಆದರೆ ಭಾಗವತರು ಲಯ ಇಳಿಸಿದರೆ? ಸೆಕೆಂಡಿಗೆ ನೂರು ಸಲ ಸಾಕು ಅಂದರೆ? ಬಣ್ಣದ ವೇಷವೂ ಪೂರ್ತಿ ತಿರುಗುತ್ತದೆ! ಆಗ ಮಂಜುಗಡ್ಡೆಯ ಸಂಖ್ಯೆಯೂ 90 ದಾಟುತ್ತದೆ. ಇದನ್ನು ಓದಿದ ದಿನ ನನಗೆ ನಿದ್ದೆ ಬಂದಿಲ್ಲ. ಅಂದರೆ ನೀರು ಯಾವುದು, ಗಡ್ಡೆ ಯಾವುದು ಅಂತ ಬೇರೆ ಮಾಡುವುದು ಆ ಲೋಹದ ಸರಳುಗಳಲ್ಲ, ಚೆಂಡೆಯ ವೇಗ.

(ಗಡಿಯಾರ ನೋಡಿ) ಎಡಿಟರ್ ಕಣ್ಣು ಬಿಡುತ್ತಿದ್ದಾನೆ, ಉಳಿದದ್ದು ಒಂದೇ ಉಸಿರಿಗೆ. 1980ರಲ್ಲಿ ಟಾಪ್, ಡೇವಿಸ್, ಅನ್ನನ್ ಎಂಬ ಸಂಶೋಧಕರು ಕೊಟ್ಟ ಟಿಡಿಆರ್ ಸೂತ್ರ ಹೆಪ್ಪುಗಟ್ಟದ ಮಣ್ಣಿನದ್ದು, ಇಲ್ಲಿ ಹಾಗೇ ಹಾಕಿದರೆ ತಪ್ಪುತ್ತದೆ. ತಾಳೆ ನೋಡಲು ಎನ್‌ಎಂಆರ್ ಇದೆ, ಎಂಆರ್‌ಐನ ಅಣ್ಣ; ಆಯಸ್ಕಾಂತ ಹಿಡಿದು ಹೈಡ್ರೋಜನ್ ಪರಮಾಣುಗಳ ಸದ್ದು, ಅಂದರೆ ಸಂಕೇತ, ಕೇಳುವ ವಿಧಾನ. ಮಂಜುಗಡ್ಡೆಯ ಹೈಡ್ರೋಜನ್ ಸದ್ದು ತಕ್ಷಣ ಅಡಗುತ್ತದೆ, ನೀರಿನದ್ದು ಹೆಚ್ಚು ಹೊತ್ತು ಕೇಳುತ್ತದೆ. ಇಷ್ಟೆಲ್ಲ ಯಾಕೆಂದರೆ, ಈ ತೆಳು ನೀರೇ ತಂಪಿನ ಕಡೆ ಹರಿದು, ಅಲ್ಲಿ ಗಡ್ಡೆಯಾಗಿ, ರಸ್ತೆಯನ್ನೇ ಮೇಲೆತ್ತುತ್ತದೆ.

ಟಿಡಿಆರ್ ನನ್ನಲ್ಲಿಲ್ಲ, ಎರಡು ಸರಳಾದರೂ ಚುಚ್ಚಿ ತೋರಿಸೋಣ ಅಂದುಕೊಂಡೆ. (ಒತ್ತುತ್ತಾ) ಊಹೂಂ. ಒಂದು ಆಗಲೇ ಬಾಗಿತು. ಗಟ್ಟಿಯಾಗುವ ಮೊದಲೇ ಚುಚ್ಚಿಡಬೇಕಿತ್ತು.