ಮ್ಯಾಕ್ ಒಳಗೆ ಸಿ ಡ್ರೈವ್ ಎಲ್ಲಿಂದ ಬಂತು?

[ಪರದೆ: ಬ್ರೌಸರ್ ಕನ್ಸೋಲ್, ಒಂದೇ ಸಾಲು — ಸಿ:\ಫೇಕ್‌ಪಾತ್\ಲಗ್ನಪತ್ರಿಕೆ.ಪಿಡಿಎಫ್]

ಈ ಸಾಲು ನೋಡಿ. ಕಳಿಸಿದ್ದು ನಮ್ಮ ಚಾನೆಲ್ ನೋಡೋ ಒಬ್ಬ ವಿದ್ಯಾರ್ಥಿ. "ಸರ್, ನಂದು ಮ್ಯಾಕ್. ಇದರಲ್ಲಿ ಸಿ ಡ್ರೈವೇ ಇಲ್ಲ. ವೆಬ್ ಪುಟದಲ್ಲಿ ಅಪ್‌ಲೋಡ್‌ಗೆ ಫೈಲ್ ಆರಿಸಿದ ತಕ್ಷಣ ಇದೆಲ್ಲಿಂದ ಬಂತು? ವೈರಸ್ಸಾ?"

ವೈರಸ್ ಅಲ್ಲ. ಬ್ರೌಸರ್ ಹೇಳ್ತಿರೋ ಸುಳ್ಳು. ಹೆಸರಲ್ಲೇ ಇದೆಯಲ್ಲ, ಫೇಕ್ ಅಂತ. ಇಷ್ಟು ಪ್ರಾಮಾಣಿಕವಾಗಿ ಸುಳ್ಳು ಹೇಳೋರು ಸಿಗೋದು ಕಷ್ಟ.

ಹಿಂದೆ ಕೆಲವು ಬ್ರೌಸರ್‌ಗಳು ಫೈಲಿನ ಪೂರ್ತಿ ವಿಳಾಸ ವೆಬ್‌ಸೈಟಿಗೆ ಒಪ್ಪಿಸಿಬಿಡ್ತಿದ್ದವು. ಯಾವ ಡ್ರೈವ್, ಯಾವ ಫೋಲ್ಡರ್, ಕಂಪ್ಯೂಟರಿನಲ್ಲಿ ನಿಮ್ಮ ಯೂಸರ್ ಹೆಸರೇನು, ಎಲ್ಲ. ಬೇಡಪ್ಪ, ಬರೀ ಫೈಲ್ ಹೆಸರು ಕೊಡೋಣ ಅಂತ ಹೊರಟರೆ ಹಳೇ ಸೈಟುಗಳು ಕೆಲವು ಕೆಟ್ಟು ಕೂತವು. ಅವಕ್ಕೆ ವಿಂಡೋಸ್ ಥರದ ವಿಳಾಸವೇ ಬೇಕಿತ್ತು, ಬ್ಯಾಕ್‌ಸ್ಲ್ಯಾಶ್ ಸಮೇತ. ಅದಕ್ಕೆ ಒಪೆರಾ ಮತ್ತು ಇಂಟರ್ನೆಟ್ ಎಕ್ಸ್‌ಪ್ಲೋರರ್ 8 ಹೊಲದಲ್ಲಿ ಬೆದರುಬೊಂಬೆ ನಿಲ್ಲಿಸಿದ ಹಾಗೆ ಒಂದು ಸುಳ್ಳು ವಿಳಾಸ ನಿಲ್ಲಿಸಿದವು. ಎಚ್‌ಟಿಎಂಎಲ್5 ಅದನ್ನೇ ನಿಯಮ ಅಂತ ಬರ್ಕೊಂಡಿತು. ನಿಮ್ಮದು ಮ್ಯಾಕ್ ಇರಲಿ, ಲಿನಕ್ಸ್ ಇರಲಿ, ಬೊಂಬೆ ಅದೇ.

ಆದರೆ ಈ ಬೊಂಬೆ ಪುಟದ ಜಾವಾಸ್ಕ್ರಿಪ್ಟಿಗೆ ಮಾತ್ರ ಕಾಣೋದು. ಸಬ್ಮಿಟ್ ಒತ್ತಿದಾಗ ಸರ್ವರಿಗೆ ಏನು ಹೋಗುತ್ತೆ?

ಫಾರ್ಮ್, ಫೈಲ್ ಇನ್‌ಪುಟ್, ಪೋಸ್ಟ್ ಮೆಥಡ್, ಇವೆಲ್ಲ ಗೊತ್ತಿರುತ್ತೆ, ಓಡ್ತೀನಿ. ಒಂದು ಮಾತ್ರ: ಫಾರ್ಮ್ ಯಾವ ರೂಪದಲ್ಲಿ ಹೋಗಬೇಕು ಅಂತ ಹೇಳೋ ಎನ್‌ಕ್‌ಟೈಪ್ ಜಾಗದಲ್ಲಿ 'ಮಲ್ಟಿಪಾರ್ಟ್/ಫಾರ್ಮ್-ಡೇಟಾ' ಬರೆಯೋದು ಮರೆತರೆ ಫೈಲಿನ ಹೆಸರು ಹೋಗುತ್ತೆ, ಫೈಲ್ ಹೋಗಲ್ಲ. ಎರರ್ ಕೂಡ ಬರಲ್ಲ.

ಈ ಮಲ್ಟಿಪಾರ್ಟ್ ಅಪ್‌ಲೋಡ್ ಮೊದಲು ಕಾಗದಕ್ಕೆ ಇಳಿದದ್ದು 1995ರ ನವೆಂಬರ್‌ನಲ್ಲಿ, ಆರ್‌ಎಫ್‌ಸಿ 1867 ಅನ್ನೋ ಇಂಟರ್ನೆಟ್ ತಾಂತ್ರಿಕ ದಾಖಲೆಯಲ್ಲಿ. ಬರೆದ ಇಬ್ಬರೂ ಯಾವ ಕಂಪನಿಯವರು ಗೊತ್ತಾ? ಜೆರಾಕ್ಸ್! ಬೀದಿ ತುದಿ ಅಂಗಡಿಯಲ್ಲಿ "ಆಧಾರ್ ಜೆರಾಕ್ಸ್ ಕೊಡಿ" ಅಂತೀವಲ್ಲ, ಅದೇ ಜೆರಾಕ್ಸ್. ಜೆರಾಕ್ಸ್ ಪ್ರತಿಯನ್ನ ಸ್ಕ್ಯಾನ್ ಮಾಡಿ ಅಪ್‌ಲೋಡ್ ಮಾಡೋ ಪ್ರತಿಯೊಬ್ಬರೂ ಆ ಕಂಪನಿಗೆ ಎರಡು ಸಲ ನಮಸ್ಕಾರ ಹಾಕಿದ ಹಾಗೆ.

[ಪರದೆ: ಕಳುಹಿಸಿದ ರಿಕ್ವೆಸ್ಟ್, ಹಸಿಯಾಗಿ]

ಈಗ ನನಗೆ ತುಂಬಾ ಇಷ್ಟವಾದ ಭಾಗ. ಒಂದೇ ರಿಕ್ವೆಸ್ಟ್ ಒಳಗೆ ನಿಮ್ಮ ಹೆಸರು, ಫೋನ್ ನಂಬರ್, ಫೋಟೋ ಎಲ್ಲ ಸಾಲಾಗಿ ಹೋಗ್ತಿವೆ. ಹೆಸರು ಎಲ್ಲಿ ಮುಗೀತು, ಫೋಟೋ ಎಲ್ಲಿ ಶುರುವಾಯ್ತು ಅಂತ ಸರ್ವರಿಗೆ ತಿಳಿಯೋದು ಹೇಗೆ? ಬದು ಹಾಕಿದ್ದಾರೆ! ನಿಜವಾಗಿ ಅದರ ಹೆಸರೇ ಬೌಂಡರಿ. ಕ್ರೋಮ್ ಹಾಕೋ ಬದು ನೋಡಿ: ನಾಲ್ಕು ಅಡ್ಡಗೆರೆ, 'ವೆಬ್‌ಕಿಟ್‌ಫಾರ್ಮ್‌ಬೌಂಡರಿ' ಅನ್ನೋ ಪದ, ಅದರ ಬೆನ್ನಿಗೆ ತಲೆಬುಡ ಇಲ್ಲದ 16 ಅಕ್ಷರ. ಕ್ರೋಮ್ 2013ರಲ್ಲೇ ವೆಬ್‌ಕಿಟ್ ಅನ್ನೋ ಬ್ರೌಸರ್ ಎಂಜಿನ್‌ನಿಂದ ಭಾಗ ತಗೊಂಡು ಬ್ಲಿಂಕ್ ಅಂತ ಬೇರೆ ಮನೆ ಮಾಡಿತು. ಆದರೂ ಬದುವಿನ ಕಲ್ಲಿನ ಮೇಲೆ ಇನ್ನೂ ಹಳೇ ಮನೆತನದ ಹೆಸರು!

ಆ 16 ಅಕ್ಷರ ಯಾಕೆ ಅಂದ್ರೆ, ಬದುವಿನ ಗುರುತು ಹೊಲದ ನಡುವೆ ಎಲ್ಲೂ ಇರಬಾರದು. ನಿಮ್ಮ ಫೋಟೋದ ಬೈಟುಗಳ ಮಧ್ಯೆ ಅದೇ ಸಾಲು ಬಂದುಬಿಟ್ಟರೆ ಸರ್ವರ್ ಅಲ್ಲೇ ಹೊಲ ಮುಗೀತು ಅಂದ್ಕೊಳ್ಳುತ್ತೆ, ಅರ್ಧ ಫೋಟೋ ಪಕ್ಕದವನ ಪಾಲು. ರಿಕ್ವೆಸ್ಟಿನ ತಲೆಬರಹದಲ್ಲಿ, ಅಂದ್ರೆ ಹೆಡರ್‌ನಲ್ಲಿ, ಇದೇ ಬದು ಅಂತ ಹೇಳೋವಾಗ ನಾಲ್ಕು ಗೆರೆ, ಒಳಗೆ ಬದು ಹಾಕೋವಾಗ ಮುಂದೆ ಇನ್ನೆರಡು ಸೇರಿ ಆರು. ಕಟ್ಟಕಡೆಯ ಬದುವಿಗೆ ಬೆನ್ನಿಗೂ ಎರಡು ಗೆರೆ. ಅದು ಕಂಡ್ರೆ ಸರ್ವೇ ಮುಗೀತು, ಮನೆಗೆ ಹೋಗಬಹುದು.

ಇದು ಗೊತ್ತಿಲ್ಲದೆ ನಾನೊಮ್ಮೆ ಅರ್ಧ ದಿನ ಕಳ್ಕೊಂಡಿದ್ದೀನಿ. ಜಾವಾಸ್ಕ್ರಿಪ್ಟಿನಿಂದ ರಿಕ್ವೆಸ್ಟ್ ಕಳಿಸೋ ಫೆಚ್ ಬರೀತಾ ಮಹಾ ಶಿಸ್ತಿನಿಂದ ಕಂಟೆಂಟ್-ಟೈಪ್ ಹೆಡರನ್ನ ಕೈಯಾರೆ 'ಮಲ್ಟಿಪಾರ್ಟ್/ಫಾರ್ಮ್-ಡೇಟಾ' ಅಂತ ಬರೆದೆ. ಸರ್ವರ್ "ಬೌಂಡರಿ ಇಲ್ಲ" ಅಂತ ಬೈತು. ನೆಟ್‌ವರ್ಕ್ ಟ್ಯಾಬ್‌ನಲ್ಲಿ ನೋಡಿದರೆ ಬೌಂಡರಿ ಕಣ್ಣಿಗೆ ಹೊಡೆಯೋ ಹಾಗೆ ಒಳಗೇ ಇದೆ! ಎಡವಟ್ಟು ಏನಪ್ಪಾ ಅಂದ್ರೆ, ಬದು ಹಾಕೋದೂ ಬ್ರೌಸರ್, ಯಾವ ಬದು ಅಂತ ಹೆಡರ್‌ನಲ್ಲಿ ಹೇಳಬೇಕಾದ್ದೂ ಅದೇ. ನಾನು ಮಧ್ಯೆ ಬಾಯಿ ಹಾಕಿ ಅದರ ಮಾತು ಅಳಿಸಿದ್ದೆ. ಪರಿಹಾರ? ಆ ಸಾಲು ಡಿಲೀಟ್. ಫಾರ್ಮ್‌ಡೇಟಾ ಆಬ್ಜೆಕ್ಟ್ ಕೊಟ್ಟು ಸುಮ್ಮನಿರಿ.

ಅಯ್ಯೋ, ಟೈಮ್ ಆಗೋಯ್ತು. ಸರ್ವರ್ ಕಡೆಯ ಮಾತು ಒಟ್ಟಿಗೇ ಹೇಳ್ತೀನಿ.

ಚಿಕ್ಕ ಫೈಲ್ ಹೋಗಿ ದೊಡ್ಡದು ಹೋಗದಿದ್ದರೆ ಮೊದಲು ಮಿತಿ ನೋಡಿ. ಎಂಜಿನ್‌ಎಕ್ಸ್ ಅನ್ನೋ ವೆಬ್ ಸರ್ವರ್ ಡಿಫಾಲ್ಟ್ ಆಗಿ 1 ಎಂಬಿ ದಾಟಿದರೆ 413, ಅಂದ್ರೆ 'ತುಂಬಾ ದೊಡ್ಡದು', ಅಂತ ಬಾಗಿಲಲ್ಲೇ ಕಳಿಸುತ್ತೆ, ನಿಮ್ಮ ಕೋಡ್‌ವರೆಗೆ ಬರೋದೇ ಇಲ್ಲ. ಪಿಎಚ್‌ಪಿಯಲ್ಲಿ ಒಂದು ಫೈಲಿಗೆ 2, ಇಡೀ ಪೋಸ್ಟಿಗೆ 8 ಎಂಬಿ. ಒಂದು ಕಡೆ ಏರಿಸಿ ಇನ್ನೊಂದು ಕಡೆ ಮರೆಯೋದು ನಮ್ಮ ಹಳೇ ಚಾಳಿ. ಫೈಲ್ ಇನ್‌ಪುಟ್‌ನಲ್ಲಿ ಇಂಥ ಫೈಲೇ ಬೇಕು ಅನ್ನೋ 'ಆಕ್ಸೆಪ್ಟ್' ಗುಣ ಬರೀ ಸಲಹೆ. ಫೈಲಿನ ಜೊತೆ ಬರೋ 'ಇಮೇಜ್/ಜೆಪೆಗ್' ಅನ್ನೋದು ಕಳಿಸಿದವರ ಮಾತು, ಸಾಕ್ಷಿ ಅಲ್ಲ. ಮೊದಲ ಮೂರು ಬೈಟು ನೋಡಿ: ಜೆಪೆಗ್ ಆದರೆ ಎಫ್‌ಎಫ್, ಡಿ8, ಎಫ್‌ಎಫ್. ಅದನ್ನೂ ನಕಲು ಮಾಡಬಹುದು, ಹಾಗಾಗಿ ಫೋಟೋ ಆದರೆ ಸರ್ವರಿನಲ್ಲಿ ಮತ್ತೆ ಎನ್‌ಕೋಡ್ ಮಾಡಿಯೇ ಇಡೋದು ನನ್ನ ಅಭ್ಯಾಸ. ಮತ್ತೆ, ಅಪ್‌ಲೋಡ್ ಆದ ಫೈಲು ಕೋಡ್ ಓಡೋ ಫೋಲ್ಡರಿನಲ್ಲಿ ಇರಬಾರದು.

ಇನ್ನು ಹೆಸರು. ಚುಕ್ಕಿ-ಚುಕ್ಕಿ-ಸ್ಲ್ಯಾಶ್ ಇಟ್ಟು ಬೇರೆ ಫೋಲ್ಡರಿಗೆ ನುಗ್ಗೋರು ಇದ್ದಾರೆ. ಅದು ಹಾಗಿರಲಿ, ನಮ್ಮ ವಿದ್ಯಾರ್ಥಿಯ 'ಲಗ್ನಪತ್ರಿಕೆ'ಯನ್ನೇ ಎಣಿಸಿ. ಕಣ್ಣಿಗೆ 5 ಅಕ್ಷರ. ಒತ್ತು, ಗುಣಿತ ಬಿಡಿಸಿದರೆ ಯೂನಿಕೋಡಿನಲ್ಲಿ 11 ಸಂಕೇತ. ಅವನ್ನ ಬೈಟುಗಳಾಗಿ ಬರೆಯೋ ಯುಟಿಎಫ್-8ನಲ್ಲಿ ಒಂದೊಂದಕ್ಕೂ 3 ಬೈಟ್, ಅಂದ್ರೆ 33. ಲಿನಕ್ಸಿನ ಎಕ್ಸ್ಟ್4 ಅನ್ನೋ ಫೈಲ್ ವ್ಯವಸ್ಥೆ ಇರೋ ಡಿಸ್ಕಿನಲ್ಲಿ ಹೆಸರಿಗೆ 255 ಬೈಟ್ ಮಿತಿ. ವರ, ವಧು, ಅವರ ಅಪ್ಪ ಅಮ್ಮ, ಛತ್ರದ ಹೆಸರು ಎಲ್ಲ ಸೇರಿಸಿ ಫೈಲಿಗೆ ಹೆಸರಿಟ್ಟರೆ ಮುಹೂರ್ತ ಬರೋದರೊಳಗೆ ಜಾಗ ಖಾಲಿ. ಡಿಸ್ಕಿನ ಮೇಲೆ ನೀವೇ ಹುಟ್ಟಿಸಿದ ಒಂದು ರ‍್ಯಾಂಡಮ್ ಹೆಸರು ಇಡಿ, ಅವರು ಕೊಟ್ಟ ಹೆಸರು ಡೇಟಾಬೇಸ್‌ನಲ್ಲಿ ಪೂರ್ತಿ ಇರಲಿ, ಒತ್ತಕ್ಷರ ಸಮೇತ.