‘ಪ್ಯಾರಾಫಿನ್’ ಯಂಗ್: ಕಲ್ಲಿನಿಂದ ಎಣ್ಣೆ ಇಳಿಸಿದ ಬಡಗಿಯ ಮಗ

ಸಭಿಕರೇ,

ಪೆಟ್ರೋಲಿಯಂ ಯುಗದ ಕಥೆಯನ್ನು ನಾವು ಸಾಮಾನ್ಯವಾಗಿ 1859ರಲ್ಲಿ ಪೆನ್ಸಿಲ್ವೇನಿಯಾದಲ್ಲಿ ಎಡ್ವಿನ್ ಡ್ರೇಕ್ ಕೊರೆದ ಬಾವಿಯಿಂದ ಆರಂಭಿಸುತ್ತೇವೆ. ಆದರೆ ಅದಕ್ಕೂ ಎಂಟು ವರ್ಷ ಮೊದಲೇ ಸ್ಕಾಟ್ಲೆಂಡಿನ ಬಾತ್‌ಗೇಟ್‌ನಲ್ಲಿ ಖನಿಜದಿಂದ ಎಣ್ಣೆ ಇಳಿಸಿ, ಶುದ್ಧಗೊಳಿಸಿ ಮಾರುವ ಕಾರ್ಖಾನೆಯೊಂದು ಕೆಲಸ ಶುರುಮಾಡಿತ್ತು. ಅದರ ಹಿಂದಿದ್ದ ಜೇಮ್ಸ್ ಯಂಗ್‌ನನ್ನು ಅವನ ಕಾಲದವರು ‘ಪ್ಯಾರಾಫಿನ್ ಯಂಗ್’ ಎಂದೇ ಕರೆದರು; ಪ್ಯಾರಾಫಿನ್ ಎಂದರೆ ಇಂಥ ಎಣ್ಣೆಯಲ್ಲಿರುವ ಮೇಣದಂಥ ಪದಾರ್ಥ.

ಯಂಗ್ ಹುಟ್ಟಿದ್ದು 1811ರಲ್ಲಿ, ಗ್ಲಾಸ್ಗೋದಲ್ಲಿ. ತಂದೆ ಬಡಗಿ; ಮಗನೂ ಹಗಲು ಉಳಿ ಹಿಡಿದು ದುಡಿದು, ಸಂಜೆ ಆಂಡರ್ಸನ್ ಸಂಸ್ಥೆಯಲ್ಲಿ ರಸಾಯನಶಾಸ್ತ್ರದ ಪಾಠ ಕೇಳಲು ಹೋಗುತ್ತಿದ್ದ. ಅಲ್ಲಿ ಪಾಠ ಹೇಳುತ್ತಿದ್ದವನು ಅನಿಲಗಳ ಪ್ರಸರಣದ ನಿಯಮದಿಂದ ಇಂದಿಗೂ ಪಠ್ಯಪುಸ್ತಕಗಳಲ್ಲಿ ಉಳಿದಿರುವ ಥಾಮಸ್ ಗ್ರಹಾಂ. ಅವನು ಈ ಹುಡುಗನನ್ನು ತನ್ನ ಸಹಾಯಕನನ್ನಾಗಿ ಮಾಡಿಕೊಂಡ. 1837ರಲ್ಲಿ ಲಂಡನ್ನಿನ ಯೂನಿವರ್ಸಿಟಿ ಕಾಲೇಜಿಗೆ ಹೋಗುವಾಗ ಜೊತೆಯಲ್ಲೇ ಕರೆದೊಯ್ದ. ಯಂಗ್ ಸ್ವಂತ ಬಲದಿಂದ ಮೇಲೆ ಬಂದವನೆಂಬ ಮಾತು ನಿಜವೇ. ಆದರೆ ದುಡಿಯುವವರಿಗೂ ಬಾಗಿಲು ತೆರೆದಿದ್ದ ಆ ಸಂಜೆ ತರಗತಿ ಇರದಿದ್ದರೆ ಆ ಬಲಕ್ಕೆ ದಾರಿಯೇ ಸಿಗುತ್ತಿರಲಿಲ್ಲ ಎಂದು ನಾನು ದೃಢವಾಗಿ ನಂಬಿದ್ದೇನೆ.

ಕೆಲಕಾಲ ಅವನು ಇಂಗ್ಲೆಂಡಿನ ರಾಸಾಯನಿಕ ಕಾರ್ಖಾನೆಗಳಲ್ಲಿ ದುಡಿದ. 1847ರಲ್ಲಿ ಗೆಳೆಯನಾದ ರಸಾಯನಶಾಸ್ತ್ರಜ್ಞ ಲಯನ್ ಪ್ಲೇಫೇರ್, ಡರ್ಬಿಶೈರ್‌ನ ರಿಡಿಂಗ್ಸ್ ಎಂಬಲ್ಲಿ ಕಲ್ಲಿದ್ದಲ ಗಣಿಯೊಂದರೊಳಗೆ ಎಣ್ಣೆ ಜಿನುಗುತ್ತಿದೆ ಎಂದು ತಿಳಿಸಿದ. ಯಂಗ್ ಅಲ್ಲಿ ಸಣ್ಣ ಕಾರ್ಖಾನೆ ಹೂಡಿ, ಯಂತ್ರಗಳಿಗೆ ದಪ್ಪ ಎಣ್ಣೆಯನ್ನೂ ದೀಪಕ್ಕೆ ತಿಳಿ ಎಣ್ಣೆಯನ್ನೂ ತಯಾರಿಸಿದ. ಕೆಲವೇ ವರ್ಷಗಳಲ್ಲಿ ಆ ಒರತೆ ಬತ್ತಿತು. ಬೇರೊಬ್ಬ ವ್ಯಾಪಾರಿಯಾಗಿದ್ದರೆ ಇನ್ನೊಂದು ಒರತೆಯನ್ನು ಹುಡುಕಿಕೊಂಡು ಹೋಗುತ್ತಿದ್ದನೇನೋ. ಯಂಗ್ ಮಾತ್ರ ಈ ಎಣ್ಣೆ ಹುಟ್ಟಿದ್ದಾದರೂ ಹೇಗೆ ಎಂದು ಕೇಳಿಕೊಂಡ. ಭೂಮಿಯ ಶಾಖ ಕಲ್ಲಿದ್ದಲಿನ ಮೇಲೆ ನಿಧಾನವಾಗಿ ವರ್ತಿಸಿ ಎಣ್ಣೆ ಆಗಿರಬೇಕೆಂಬ ಊಹೆ ಅವನಿಗೆ ಹೊಳೆಯಿತು. ಅದನ್ನು ಪ್ರಯೋಗಶಾಲೆಯಲ್ಲಿ ಪರೀಕ್ಷಿಸುತ್ತ ಹೋದಂತೆ ಅವನ ಜೀವನದ ಮುಖ್ಯ ಶೋಧ ಕೈಗೆ ಸಿಕ್ಕಿತು.

ಅಂದಿನ ಅನಿಲ ಕಾರ್ಖಾನೆಗಳು ಕಲ್ಲಿದ್ದಲನ್ನು ಅತಿಯಾದ ಶಾಖದಲ್ಲಿ ಕಾಯಿಸುತ್ತಿದ್ದವು. ಆಗ ಬೀದಿದೀಪಕ್ಕೆ ಬೇಕಾದ ಅನಿಲ ಹೊರಬಂದು, ಜೊತೆಗೆ ಡಾಂಬರು ಮತ್ತು ಕೋಕ್ ಎಂಬ ಗಟ್ಟಿ ಇದ್ದಿಲು ಉಳಿಯುತ್ತಿತ್ತು. ಯಂಗ್ ಮುಚ್ಚಿದ ಪಾತ್ರೆಯಲ್ಲಿ ಶಾಖವನ್ನು ಮಂದವಾದ ಕೆಂಪು ಕಾವಿಗಿಂತ ಮೇಲೇರಲು ಬಿಡದೆ, ನಿಧಾನವಾಗಿ ಬೇಯಿಸಿದ. ಆಗ ಬಂದ ಆವಿ ತಣಿದು, ಪ್ಯಾರಾಫಿನ್ ತುಂಬಿದ ಎಣ್ಣೆಯಾಯಿತು. ಇಷ್ಟು ಸರಳವಾಗಿ ತೋರುವ ಸಂಯಮವೇ ಅವನ 1850ರ ಪೇಟೆಂಟಿನ ತಿರುಳು. ಎಡ್ವರ್ಡ್ ಬಿನ್ನಿ ಮತ್ತು ಎಡ್ವರ್ಡ್ ಮೆಲ್ಡ್ರಂ ಎಂಬ ಪಾಲುದಾರರೊಂದಿಗೆ ಅವನು ಬಾತ್‌ಗೇಟ್‌ನಲ್ಲಿ ನೆಲೆ ಹೂಡಿದ್ದು ಅಲ್ಲಿ ಸಿಗುತ್ತಿದ್ದ ಟಾರ್ಬನೈಟ್ ಎಂಬ ಕಪ್ಪು ಖನಿಜಕ್ಕಾಗಿ. ಅದರಲ್ಲಿ ಎಣ್ಣೆಯ ಅಂಶ ಅಸಾಧಾರಣವಾಗಿ ಹೆಚ್ಚಿತ್ತು.

ಈ ಖನಿಜ ಕಲ್ಲಿದ್ದಲೋ ಅಲ್ಲವೋ ಎಂಬ ಪ್ರಶ್ನೆ 1853ರಲ್ಲಿ ಎಡಿನ್‌ಬರೋದ ನ್ಯಾಯಾಲಯಕ್ಕೇ ಹೋಯಿತು. ಗಣಿಯನ್ನು ಗುತ್ತಿಗೆ ಕೊಟ್ಟಿದ್ದ ಭೂಮಾಲೀಕ, ಈ ಖನಿಜ ಕಲ್ಲಿದ್ದಲಲ್ಲ, ಆದ್ದರಿಂದ ಅದು ತಾನು ಕೊಟ್ಟ ಗುತ್ತಿಗೆಯಲ್ಲಿ ಸೇರಿಲ್ಲ ಎಂದು ವಾದಿಸಿದ. ರಸಾಯನಶಾಸ್ತ್ರಜ್ಞರೂ ಭೂವಿಜ್ಞಾನಿಗಳೂ ಎರಡೂ ಪಕ್ಷಗಳಲ್ಲಿ ಸಾಕ್ಷಿ ನುಡಿದರು. ಕೊನೆಗೆ ಅದು ಕಲ್ಲಿದ್ದಲೇ ಎಂದು ತೀರ್ಪು ಬಂತು. ಯಂಗ್ ಆ ದಾವೆಯ ಕಕ್ಷಿಯಲ್ಲ. ಆದರೂ ಕಲ್ಲಿದ್ದಲಿನ ಹೆಸರಿನಲ್ಲೇ ಪೇಟೆಂಟ್ ಪಡೆದಿದ್ದ ಅವನಿಗೆ ಆ ತೀರ್ಪಿನ ಬೆಲೆ ಚೆನ್ನಾಗಿ ಗೊತ್ತಿತ್ತು.

1864ರಲ್ಲಿ ಪೇಟೆಂಟಿನ ಅವಧಿ ಮುಗಿಯಿತು. ಟಾರ್ಬನೈಟ್ ಕೂಡ ತೀರುತ್ತ ಬಂದಿತ್ತು. ಯಂಗ್ ಎಣ್ಣೆ ಶೇಲ್ ಎಂಬ, ಕಾಯಿಸಿದರೆ ಎಣ್ಣೆ ಕೊಡುವ ಪದರುಗಲ್ಲಿನತ್ತ ಹೊರಳಿ, ವೆಸ್ಟ್ ಕಾಲ್ಡರ್ ಬಳಿಯ ಆ್ಯಡಿವೆಲ್‌ನಲ್ಲಿ ಇನ್ನೂ ದೊಡ್ಡ ಕಾರ್ಖಾನೆ ಕಟ್ಟಿಸಿದ. 1866ರಲ್ಲಿ ಉದ್ಯಮವನ್ನು ಹೊಸ ಕಂಪನಿಯೊಂದಕ್ಕೆ ಸುಮಾರು 4 ಲಕ್ಷ ಪೌಂಡಿಗೆ ಮಾರಿದ. ಮುಂದೆ ವೆಮಿಸ್ ಬೇ ಬಳಿಯ ಕೆಲ್ಲಿ, ಪೋಲ್‌ಬೆತ್‌ನ ಲೈಮ್‌ಫೀಲ್ಡ್, ಈಶಾನ್ಯದ ಡರಿಸ್ ಎಸ್ಟೇಟುಗಳ ಒಡೆಯನಾಗಿ ಬಾಳಿದ. ಈ ಸಂಪತ್ತಿನ ಮಾತಾಡುವಾಗ ನೆಲದಡಿ ಶೇಲ್ ಅಗೆದವರನ್ನು ಮರೆಯಲಾಗದು; ಅವರು ತೆಗೆದ ಕಲ್ಲಿನ ಸುಟ್ಟ ಉಳಿಕೆ ವೆಸ್ಟ್ ಲೋಥಿಯನ್‌ನಲ್ಲಿ ಕೆಂಪು ಗುಡ್ಡಗಳಾಗಿ ಇಂದಿಗೂ ನಿಂತಿದೆ.

ಜಮೀನುದಾರನಾದ ಮೇಲೂ ಅವನ ಕುತೂಹಲ ತಗ್ಗಲಿಲ್ಲ. 1880ರ ಹೊತ್ತಿಗೆ ಭೌತವಿಜ್ಞಾನಿ ಜಾರ್ಜ್ ಫೋರ್ಬ್ಸ್‌ನೊಡನೆ ಕೆಲ್ಲಿಯಿಂದ ಕ್ಲೈಡ್ ಕೊಲ್ಲಿಯಾಚೆಯ ಬೆಟ್ಟಕ್ಕೆ ಬೆಳಕು ಹಾಯಿಸಿ ಅದರ ವೇಗವನ್ನು ಅಳೆದ. ನೀಲಿ ಬೆಳಕು ಕೆಂಪಿಗಿಂತ ವೇಗವಾಗಿ ಚಲಿಸುತ್ತದೆಂಬ ಅವರ ನಿರ್ಣಯವನ್ನು ಮುಂದಿನ ಅಳತೆಗಳು ಒಪ್ಪಲಿಲ್ಲ. ಆಂಡರ್ಸನ್ ಸಂಸ್ಥೆಯಲ್ಲೇ ಪರಿಚಯವಾಗಿದ್ದ ಡೇವಿಡ್ ಲಿವಿಂಗ್‌ಸ್ಟನ್‌ನ ಆಫ್ರಿಕಾ ಯಾತ್ರೆಗಳಿಗೂ ಅವನು ಹಣ ಕೊಟ್ಟ. ಲಿವಿಂಗ್‌ಸ್ಟನ್ ತೀರಿಕೊಂಡ ನಂತರ ಅವನ ದೇಹವನ್ನು ಕರಾವಳಿಯವರೆಗೆ ಹೊತ್ತು ತಂದಿದ್ದ ಸೂಸಿ ಮತ್ತು ಚೂಮಾ ಬ್ರಿಟನ್ನಿಗೆ ಬಂದಾಗ, ಅವನು ಕೊನೆಯುಸಿರೆಳೆದ ಗುಡಿಸಿಲಿನ ಮಾದರಿಯನ್ನು ಕೆಲ್ಲಿಯಲ್ಲಿ ಕಟ್ಟಿ ತೋರಿಸಿದರು.

ಯಂಗ್ 1883ರಲ್ಲಿ ಕೆಲ್ಲಿಯಲ್ಲಿ ನಿಧನನಾದ. ಅವನ ಎಸ್ಟೇಟುಗಳಿಗಿಂತ ನಾನು ಹೆಚ್ಚು ಗೌರವಿಸುವುದು ಆಂಡರ್ಸನ್ ಸಂಸ್ಥೆಗೆ ಅವನು ಮಾಡಿದ್ದನ್ನು. ವರ್ಷಗಟ್ಟಲೆ ಅದರ ಅಧ್ಯಕ್ಷನಾಗಿ ದುಡಿದ ಅವನು 1870ರಲ್ಲಿ 10,500 ಪೌಂಡ್ ಕೊಟ್ಟು ಅಲ್ಲಿ ತಾಂತ್ರಿಕ ರಸಾಯನಶಾಸ್ತ್ರದ ಪೀಠ ಸ್ಥಾಪಿಸಿದ; ಗ್ಲಾಸ್ಗೋದ ಜಾರ್ಜ್ ಚೌಕದಲ್ಲಿ ಗುರು ಗ್ರಹಾಂನ ಪ್ರತಿಮೆ ನಿಂತದ್ದೂ ಅವನ ಕೊಡುಗೆಯಿಂದಲೇ. ಆ ಸಂಸ್ಥೆಯ ಪರಂಪರೆ ಈಗ ಸ್ಟ್ರಾಥ್‌ಕ್ಲೈಡ್ ವಿಶ್ವವಿದ್ಯಾಲಯದಲ್ಲಿ ಮುಂದುವರಿದಿದೆ.